ಓದುಗರ ಪ್ರಶ್ನೆಗಳು: ಸಸ್ಯಸತ್ವವನ್ನು ಹೊದಿಸಿ ಒಣಗಿಸಿದ ನ್ಯಾನೊ ಪುಡಿಗಳು

ಅರಿಶಿನ, ಮುರುಗಲು, ಹಸಿರು ಚಹಾ ಮುಂತಾದವುಗಳ ಸತ್ವವನ್ನು ಅತಿಸೂಕ್ಷ್ಮ ಹೊದಿಕೆಯೊಳಗಿಟ್ಟು, ಪುಡಿಯಾಗಿ ಒಣಗಿಸಿ ಆಹಾರಕ್ಕೆ ಸೇರಿಸುವ ತಂತ್ರದ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ಮಾನ್ಯರೆ, ನಮ್ಮ ಮನೆಯ ಅಡುಗೆಯಲ್ಲಿ ಅರಿಶಿನ ದಿನವೂ ಇದ್ದೇ ಇರುತ್ತದೆ. ಈಚೆಗೆ ಔಷಧದ ಅಂಗಡಿಯಲ್ಲಿ ‘ನ್ಯಾನೊ ಕರ್ಕ್ಯುಮಿನ್’ ಎಂಬ ಪುಡಿಯನ್ನು ತೋರಿಸಿ, ಇದು ಸಾಮಾನ್ಯ ಅರಿಶಿನದ ಸತ್ವಕ್ಕಿಂತ 27 ಪಟ್ಟು ಹೆಚ್ಚಾಗಿ ಮೈಗೆ ಹತ್ತುತ್ತದೆ ಎಂದರು. ಇದು ನಿಜವೆ? ಮನೆಯ ಅರಿಶಿನವನ್ನೇ ಮಿಕ್ಸಿಯಲ್ಲಿ ಇನ್ನಷ್ಟು ನುಣ್ಣಗೆ ಮಾಡಿಕೊಂಡರೆ ಸಾಲದೆ? — ಗೃಹಿಣಿ, ದಾವಣಗೆರೆ

ಉತ್ತರ: ಅರಿಶಿನದ ಹಳದಿ ಬಣ್ಣಕ್ಕೂ ಅದರ ಉತ್ಕರ್ಷಣರೋಧಕ ಗುಣಕ್ಕೂ, ಅಂದರೆ ಆ್ಯಂಟಿಆಕ್ಸಿಡೆಂಟ್ ಗುಣಕ್ಕೂ, ಮುಖ್ಯ ಕಾರಣ ಕರ್ಕ್ಯುಮಿನ್ ಮತ್ತು ಅದರ ಬಳಗದ ಇನ್ನೆರಡು ಸಂಯುಕ್ತಗಳು. ಒಣ ಅರಿಶಿನದಲ್ಲಿ ಇವು ಮೂರೂ ಸೇರಿ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟಿರುತ್ತವೆ, ಒಂದು ಗ್ರಾಂ ಪುಡಿಯಲ್ಲಿ 30ರಿಂದ 50 ಮಿಲಿಗ್ರಾಂ ಎಂದಾಯಿತು. ಈ ಕರ್ಕ್ಯುಮಿನ್‌ಗೆ ಮೂರು ತೊಡಕುಗಳಿವೆ. ಮೊದಲನೆಯದು, ಅದು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಕರಗದ ವಸ್ತು ಕರುಳಿನ ಗೋಡೆಯನ್ನು ದಾಟುವುದು ಕಷ್ಟ. ಎರಡನೆಯದು, ಕ್ಷಾರದಲ್ಲಿ ಅದು ಬಾಳುವುದಿಲ್ಲ. ಅರಿಶಿನದ ನೀರಿಗೆ ಸುಣ್ಣ ಸೇರಿಸಿದಾಗ ಆರತಿಯ ನೀರು ಕೆಂಪಾಗುವುದನ್ನು ನಾವೆಲ್ಲ ಕಂಡಿದ್ದೇವೆ; ಕ್ಷಾರಕ್ಕೆ ಕರ್ಕ್ಯುಮಿನ್ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ದೇಹದ ಉಷ್ಣತೆಯಲ್ಲಿ, 7.2 ಪಿಎಚ್ ಇರುವ, ಅಂದರೆ ತುಸುವೇ ಕ್ಷಾರೀಯವಾದ, ಬಫರ್ ದ್ರಾವಣದಲ್ಲಿ ಅರ್ಧ ಗಂಟೆಯೊಳಗೆ ಅದರ ಸುಮಾರು ಶೇ. 90 ಭಾಗ ವಿಘಟನೆಯಾಗುತ್ತದೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೂರನೆಯದು, ಹೇಗೋ ಒಳಸೇರಿದ ಅಲ್ಪಭಾಗವನ್ನೂ ಕರುಳಿನ ಗೋಡೆ ಮತ್ತು ಯಕೃತ್ತುಗಳು ಬೇಗನೆ ಗ್ಲುಕುರೊನೈಡ್ ಎಂಬ ಕರಗುವ ರೂಪಕ್ಕೆ ಮಾರ್ಪಡಿಸಿ ಹೊರಗೆ ಕಳಿಸಿಬಿಡುತ್ತವೆ.

ಮೂರನೆಯ ತೊಡಕಿಗೆ ಪರಿಹಾರವೊಂದನ್ನು ಮೊದಲು ಸ್ಪಷ್ಟವಾಗಿ ದಾಖಲಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ವ್ಯಕ್ತಿಗಳಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಂತಿತ್ತು. ಅದರೊಡನೆ ಕಾಳುಮೆಣಸಿನ ಪೈಪರೀನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ಅದರ ಲಭ್ಯತೆ ಶೇ. 2000ದಷ್ಟು ಹೆಚ್ಚಿತು. ಇಲ್ಲಿ ಕರ್ಕ್ಯುಮಿನ್ ಬದಲಾಗಲಿಲ್ಲ, ಅದನ್ನು ಮಾರ್ಪಡಿಸಿ ಹೊರಹಾಕುವ ದೇಹದ ಕೆಲಸಕ್ಕೆ ಪೈಪರೀನ್ ತಡೆಯೊಡ್ಡಿತು.

ನ್ಯಾನೊ ತಂತ್ರ ಮುಖ್ಯವಾಗಿ ಮೊದಲ ತೊಡಕನ್ನು ನಿವಾರಿಸುತ್ತದೆ. ನಿಮಗೆ ಹೇಳಲಾದ 27 ಪಟ್ಟಿನ ಲೆಕ್ಕ ಬಂದಿರುವುದು 2011ರಲ್ಲಿ ಜಪಾನಿನಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಇರಬೇಕು. ಕರ್ಕ್ಯುಮಿನ್ ಅನ್ನು ಸುಮಾರು 190 ನ್ಯಾನೊಮೀಟರ್‌ಗಳಷ್ಟು (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಸಣ್ಣ ಕಣಗಳಾಗಿ ಅರೆದು, ಆ ಕಣಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳದಂತೆ ‘ಘಟ್ಟಿ’ ಎಂಬ ಹೆಸರಿನ ಅಂಟಿನಲ್ಲಿ ಹಿಡಿದಿಟ್ಟ ತಯಾರಿಕೆ ಅದು. ಈ ಅಂಟು ಬರುವುದು ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ ದಿಂಡಿಗ ಮರದಿಂದ ಎಂಬುದನ್ನು ಓದುಗರು ಸಂತೋಷದಿಂದ ಗಮನಿಸಬಹುದು. ಒಂದೇ ತೂಕದ ವಸ್ತುವನ್ನು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್) ಗಾತ್ರದ ಕಣಗಳಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳಿಗೆ ಇಳಿಸಿದರೆ ಅದರ ಒಟ್ಟು ಮೇಲ್ಮೈ ನೂರು ಪಟ್ಟು ಹೆಚ್ಚುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಕರಗುವ ವೇಗವೂ ಹೆಚ್ಚುತ್ತದೆ.

ಆದ್ದರಿಂದ ಆ ಮಾತು ಸುಳ್ಳಲ್ಲ. ಆದರೆ ಅದನ್ನು ಅರ್ಥಮಾಡಿಕೊಳ್ಳುವಾಗ ಎರಡು ವಿಷಯಗಳು ನೆನಪಿರಬೇಕು. ಹೋಲಿಕೆಗೆ ಇಟ್ಟುಕೊಂಡ ಬರಿಯ ಕರ್ಕ್ಯುಮಿನ್ ಪುಡಿ ಬಹುತೇಕ ಹೀರಿಕೆಯಾಗದ ವಸ್ತು. ಅತಿ ಸಣ್ಣ ಸಂಖ್ಯೆಯನ್ನು ಎಷ್ಟು ಪಟ್ಟು ಹೆಚ್ಚಿಸಿದರೂ ಬರುವ ಮೊತ್ತ ದೊಡ್ಡದಾಗಬೇಕೆಂದಿಲ್ಲ. ಅಲ್ಲದೆ ಇಂಥ ಅನೇಕ ಅಧ್ಯಯನಗಳಲ್ಲಿ, ರಕ್ತದ ಮಾದರಿಗೆ ಕಿಣ್ವವೊಂದನ್ನು ಸೇರಿಸಿ, ಮಾರ್ಪಟ್ಟ ಗ್ಲುಕುರೊನೈಡ್ ಅನ್ನು ಪುನಃ ಕರ್ಕ್ಯುಮಿನ್ ಆಗಿಸಿ, ಬಳಿಕ ಒಟ್ಟು ಮೊತ್ತವನ್ನು ಅಳೆಯುತ್ತಾರೆ. ಮೈಯೊಳಗೆ ಸ್ವತಂತ್ರವಾಗಿ ಓಡಾಡುವ ಕರ್ಕ್ಯುಮಿನ್ ಅದರ ಒಂದು ಸಣ್ಣ ಪಾಲು ಮಾತ್ರ. ಹೆಚ್ಚು ಹೀರಿಕೆಯಾದುದು ಹೆಚ್ಚು ಗುಣ ಕೊಡುತ್ತದೆ ಎಂಬುದು ಬೇರೆಯಾಗಿಯೇ ಸಾಬೀತಾಗಬೇಕಾದ ಮಾತು.

ಮಿಕ್ಸಿಯ ಬಗ್ಗೆ: ಮನೆಯ ಮಿಕ್ಸಿಯಾಗಲಿ ಊರಿನ ಹಿಟ್ಟಿನ ಗಿರಣಿಯಾಗಲಿ ಕಣವನ್ನು ಹತ್ತಾರು ಮೈಕ್ರಾನ್‌ಗಳ ಕೆಳಗೆ ಇಳಿಸಲಾರವು, ನ್ಯಾನೊ ಗಾತ್ರ ಅದಕ್ಕಿಂತ ನೂರಾರು ಪಟ್ಟು ಸಣ್ಣದು. ಅಡುಗೆಗೆ ಅದರ ಅಗತ್ಯವೂ ಇಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಅರಿಶಿನ ಹಾಕುವುದು, ಸಾರಿಗೆ ಮೆಣಸು ಕುಟ್ಟಿ ಹಾಕುವುದು, ರಾತ್ರಿ ಹಾಲಿಗೆ ಅರಿಶಿನ ಬೆರೆಸುವುದು, ಇವೆಲ್ಲ ಅದೇ ದಿಕ್ಕಿನಲ್ಲಿ ಕೆಲಸ ಮಾಡುವ ರೂಢಿಗಳು. ಹಾಲಿನ ಕೇಸಿನ್ ಪ್ರೋಟೀನ್ ಇರುವುದೇ 50ರಿಂದ 500 ನ್ಯಾನೊಮೀಟರ್ ಗಾತ್ರದ ಗೊಂಚಲುಗಳ ರೂಪದಲ್ಲಿ, ಮತ್ತು ಅದು ಕರ್ಕ್ಯುಮಿನ್ ಅನ್ನು ತನ್ನೊಳಗೆ ಹಿಡಿದುಕೊಳ್ಳಬಲ್ಲದು. ಪುಡಿಯನ್ನು ಕೊಳ್ಳಲೇಬೇಕೆಂದಿದ್ದರೆ ಪೊಟ್ಟಣದ ಮೇಲೆ ಬರೆದಿರುವ ಮಿಲಿಗ್ರಾಂ ಲೆಕ್ಕ ಕರ್ಕ್ಯುಮಿನ್‌ನದೋ, ಹೊದಿಕೆ ಸೇರಿದ ಇಡೀ ಪುಡಿಯದೋ ನೋಡಿ. 500 ಮಿಲಿಗ್ರಾಂ ಪುಡಿಯಲ್ಲಿ ಶೇ. 10 ಮಾತ್ರ ಸತ್ವವಿದ್ದರೆ ನಿಮಗೆ ಸಿಗುವುದು 50 ಮಿಲಿಗ್ರಾಂ; ಅಷ್ಟು ನಿಮ್ಮ ಒಂದೂವರೆ ಗ್ರಾಂ ಅರಿಶಿನದಲ್ಲೂ ಇದೆ.

ಪ್ರಶ್ನೆ: ನಾನು ಆಹಾರ ವಿಜ್ಞಾನದ ಪದವಿ ವಿದ್ಯಾರ್ಥಿನಿ. ದ್ರವವನ್ನು ತುಂತುರಾಗಿ ಎರಚಿ ಒಣಗಿಸುವ ಸ್ಪ್ರೇ ಡ್ರೈಯರ್‌ನಲ್ಲಿ 170–180 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯನ್ನು ಬಳಸುತ್ತಾರೆ ಎಂದು ಓದಿದೆ. ಅಷ್ಟು ಶಾಖಕ್ಕೆ ಸೂಕ್ಷ್ಮ ಸಸ್ಯಸತ್ವ ಹಾಳಾಗುವುದಿಲ್ಲವೆ? ಹಾಗೆ ಬಂದ ಪುಡಿಯ ಕಣ ಮೈಕ್ರಾನ್ ಗಾತ್ರದ್ದಾಗಿರುವಾಗ ಅದನ್ನು ನ್ಯಾನೊ ಎನ್ನುವುದು ಹೇಗೆ? — ವಿದ್ಯಾರ್ಥಿನಿ, ತುಮಕೂರು

ಉತ್ತರ: ಎರಡೂ ಒಳ್ಳೆಯ ಪ್ರಶ್ನೆಗಳು. ಮೊದಲು ಹೊದಿಕೆಯ ಸ್ವರೂಪವನ್ನು ನೋಡೋಣ. ಹೋಳಿಗೆಯಲ್ಲಿ ಹೂರಣ ನಡುವೆ, ಕಣಕ ಸುತ್ತಲೂ ಇರುತ್ತದೆ. ರವೆ ಉಂಡೆಯಲ್ಲಿ ದ್ರಾಕ್ಷಿ ಅಲ್ಲಲ್ಲಿ ಹುದುಗಿರುತ್ತದೆ, ಒಂದೆರಡು ಹೊರಗೂ ಇಣುಕುತ್ತವೆ. ಸ್ಪ್ರೇ ಡ್ರೈಯರ್‌ನಿಂದ ಬರುವ ಬಹುಪಾಲು ಪುಡಿಗಳು ಎರಡನೆಯ ಬಗೆಯವು. ಹೊರಗೆ ಇಣುಕುವ ಸತ್ವ ಬೇಗ ಕೆಡುತ್ತದೆ, ಒಳಗೆ ಹುದುಗಿದ್ದು ಉಳಿಯುತ್ತದೆ. ಒಟ್ಟು ಸತ್ವದಲ್ಲಿ ಮೇಲ್ಮೈಯಲ್ಲಿ ಉಳಿದುದನ್ನು ಕಳೆದು, ಉಳಿಕೆಯನ್ನು ಶೇಕಡಾವಾರು ಹೇಳುವುದೇ ಹೊದಿಕೆಯ ದಕ್ಷತೆ. ಪ್ರಯೋಗಾಲಯದಲ್ಲಿ ನೀವು ಮೊದಲು ಅಳೆಯಬೇಕಾದದ್ದು ಇದನ್ನೇ.

ಇನ್ನು ಶಾಖದ ವಿಚಾರ. ಕರ್ಕ್ಯುಮಿನ್ ಇರುವ ಎಣ್ಣೆಯನ್ನು, ಮಾರ್ಪಡಿಸಿದ ಪಿಷ್ಟ ಅಥವಾ ಗಮ್ ಅರೇಬಿಕ್ (ಒಂದು ಮರದ ಅಂಟು) ಕರಗಿಸಿದ ನೀರಿನೊಡನೆ ಸೇರಿಸಿ, ನೂರಾರು ಬಾರ್ ಒತ್ತಡದ ಹೋಮೊಜನೈಸರ್‌ನಲ್ಲಿ ಹಾಯಿಸಿದಾಗ 100ರಿಂದ 300 ನ್ಯಾನೊಮೀಟರ್ ಗಾತ್ರದ ಹನಿಗಳ ಎಮಲ್ಷನ್ ಸಿಗುತ್ತದೆ. ಇದಕ್ಕೆ, ನೀರಿನಲ್ಲಿ ಕರಗುವ ಪಿಷ್ಟಮೂಲದ ಪುಡಿಯಾದ ಮಾಲ್ಟೊಡೆಕ್ಸ್‌ಟ್ರಿನ್ ಸೇರಿಸಿ ಬಿಸಿಗಾಳಿಯ ಕೋಣೆಗೆ ತುಂತುರಾಗಿ ಎರಚುತ್ತಾರೆ. ತುಂತುರಿನಲ್ಲಿ ನೀರಿರುವಷ್ಟು ಹೊತ್ತು ಆ ಆವಿಯಾಗುವಿಕೆಯೇ ಅದನ್ನು ತಣ್ಣಗಿಡುತ್ತದೆ. ಗಾಳಿ 170 ಡಿಗ್ರಿ ಇದ್ದರೂ ಹನಿ 40–50 ಡಿಗ್ರಿಯ ಸುತ್ತಮುತ್ತಲೇ ಇರುತ್ತದೆ. ನೀರೆಲ್ಲ ಹೋದ ಮೇಲಷ್ಟೆ ಕಣ ಬಿಸಿಯೇರಲು ಆರಂಭಿಸುತ್ತದೆ, ಅಷ್ಟರಲ್ಲಿ ಅದು 80–90 ಡಿಗ್ರಿಗೆ ಇಳಿದ ಗಾಳಿಯೊಂದಿಗೆ ಹೊರಬಂದಿರುತ್ತದೆ. ಇಡೀ ಪ್ರಯಾಣ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ. ಹಾಗಾಗಿ ಒಳಹೋಗುವ ಗಾಳಿಯ ಉಷ್ಣತೆಗಿಂತ ಹೊರಬರುವ ಗಾಳಿಯ ಉಷ್ಣತೆಯನ್ನು ಹೆಚ್ಚು ಎಚ್ಚರದಿಂದ ಗಮನಿಸಬೇಕು.

ಹೀಗೆ ಬಂದ ಪುಡಿಯ ಒಂದೊಂದು ಕಣವೂ 10ರಿಂದ 50 ಮೈಕ್ರಾನ್ ಇರಬಹುದು, ಆದರೆ ಅದರೊಳಗೆ ನ್ಯಾನೊ ಗಾತ್ರದ ಸಾವಿರಾರು ಹನಿಗಳು ಹುದುಗಿರುತ್ತವೆ. ನೀರಿಗೆ ಹಾಕಿದಾಗ ಮಾಲ್ಟೊಡೆಕ್ಸ್‌ಟ್ರಿನ್ ಕರಗಿ ಆ ಹನಿಗಳು ಮೊದಲಿನ ಗಾತ್ರದಲ್ಲೇ ಹೊರಬಂದರೆ ಅದನ್ನು ನ್ಯಾನೊ ಎನ್ನಬಹುದು. ಒಣಗುವಾಗ ಅವು ಕೂಡಿಕೊಂಡು ದೊಡ್ಡದಾಗಿದ್ದರೆ ಎನ್ನಬಾರದು. ಆದ್ದರಿಂದ ಗಾತ್ರವನ್ನು ಒಣಗಿಸುವ ಮೊದಲೂ, ಪುಡಿಯನ್ನು ಮತ್ತೆ ನೀರಿನಲ್ಲಿ ಕದಡಿದ ಮೇಲೂ ಅಳೆಯುವುದು ಕಡ್ಡಾಯ. ಮೊದಲಿನ ಅಳತೆಯನ್ನಷ್ಟೇ ಕೊಟ್ಟಿರುವ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ. ಕಣವೇ ಮೈಕ್ರಾನ್‌ಗಿಂತ ಸಣ್ಣದಿರುವ ಪುಡಿಯನ್ನು ನೇರವಾಗಿ ಪಡೆಯಬಲ್ಲ, ಕಂಪಿಸುವ ಜಾಲರಿಯ ನ್ಯಾನೊ ಸ್ಪ್ರೇ ಡ್ರೈಯರ್ ಅನ್ನು ಸ್ವಿಟ್ಜರ್ಲೆಂಡಿನ ಬ್ಯೂಕಿ ಕಂಪನಿ 2009ರಲ್ಲಿ ಹೊರತಂದಿತು. ಅದು ಪ್ರಯೋಗಾಲಯದ ಯಂತ್ರ, ಅದರಿಂದ ಸಿಗುವ ಪುಡಿಯ ಪ್ರಮಾಣ ಅಲ್ಪ. ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯಿಂಗ್‌ನಲ್ಲಿ ಶಾಖದ ಭಯವಿಲ್ಲ, ಆದರೆ ದಿನವಿಡೀ ಹಿಡಿಯುವ, ದುಬಾರಿಯಾದ ಕೆಲಸ. ನೀರು ಹೆಪ್ಪುಗಟ್ಟುವಾಗ ನ್ಯಾನೊ ಕಣಗಳು ಒತ್ತಿಕೊಂಡು ಗಂಟಾಗದಂತೆ ಟ್ರೆಹಲೋಸ್‌ನಂಥ ಸಕ್ಕರೆಯನ್ನೂ ಸೇರಿಸಬೇಕಾಗುತ್ತದೆ.

ಸೂಕ್ಷ್ಮ ಹೊದಿಕೆಯ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಆಹಾರದಿಂದಲ್ಲ, 1950ರ ದಶಕದಲ್ಲಿ ಅಮೆರಿಕದ ಎನ್‌ಸಿಆರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ, ಮಸಿಹಾಳೆ ಬೇಡದ ನಕಲು ಕಾಗದದಿಂದ. ಜೆಲಟಿನ್ ಮತ್ತು ಗಮ್ ಅರೇಬಿಕ್ ಹೊದಿಕೆಯೊಳಗೆ ಬಣ್ಣದ ರಾಸಾಯನಿಕವನ್ನು ಅಡಗಿಸಿ, ಲೇಖನಿಯ ಒತ್ತಡಕ್ಕೆ ಅದು ಒಡೆಯುವಂತೆ ಮಾಡಿದ್ದರು. ಒಳಗಿನದನ್ನು ಬೇಕಾಗುವ ತನಕ ಕಾಪಾಡುವುದೇ ಅಲ್ಲಿನ ಉದ್ದೇಶವಾಗಿತ್ತು.

ಈ ಕಾಪಾಡುವ ಕೆಲಸ ಮತ್ತು ಹೀರಿಕೆಗೆ ನೆರವಾಗುವ ಕೆಲಸ ಬೇರೆಬೇರೆ ಎಂಬುದನ್ನು ನೀವು ಓದಿನ ಆರಂಭದಲ್ಲೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಕಣ ಸಣ್ಣದಾದಷ್ಟೂ ಹೀರಿಕೆ ಸುಲಭ, ಆದರೆ ಹೊದಿಕೆ ತೆಳುವಾಗುತ್ತದೆ, ಆಮ್ಲಜನಕಕ್ಕೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚುತ್ತದೆ, ಒಳಗಿನ ಸತ್ವ ಹೊರಬರಲು ಸಾಗಬೇಕಾದ ದಾರಿಯೂ ಕಿರಿದಾಗುತ್ತದೆ. ಕೇವಲ ರಕ್ಷಣೆಯೇ ಗುರಿಯಾಗಿದ್ದರೆ ಮೈಕ್ರಾನ್ ಗಾತ್ರದ ದಪ್ಪ ಹೊದಿಕೆಯೇ ಅನೇಕ ವೇಳೆ ಮೇಲು. ನ್ಯಾನೊ ಬೇಕಾಗುವುದು ಮುಖ್ಯವಾಗಿ ಕರಗದ ಸತ್ವಗಳಿಗೆ.

ಪ್ರಶ್ನೆ: ನಮ್ಮ ತೋಟದಲ್ಲಿ ಮುರುಗಲು ಮರಗಳಿವೆ. ಹಣ್ಣಿನ ರಸಕ್ಕೆ ಸಕ್ಕರೆ ಹಾಕಿ ಒಣಗಿಸಿ ಶರಬತ್ತಿನ ಪುಡಿ ಮಾಡಲು ಹೊರಟರೆ ಅದು ಅಂಟಂಟಾಗಿ ಗಟ್ಟಿಯಾಗುತ್ತದೆ, ಕೆಲವು ತಿಂಗಳಲ್ಲಿ ಕೆಂಪು ಹೋಗಿ ಕಂದಾಗುತ್ತದೆ. ನ್ಯಾನೊ ತಂತ್ರ ಬಳಸಿದರೆ ಸರಿಹೋಗುತ್ತದೆಂದು ಯಂತ್ರ ಮಾರುವವರೊಬ್ಬರು ಹೇಳುತ್ತಿದ್ದಾರೆ. ಬಂಡವಾಳ ಹಾಕಬಹುದೆ? — ಬೆಳೆಗಾರರು, ಕುಮಟಾ

ಉತ್ತರ: ದಯವಿಟ್ಟು ಸದ್ಯಕ್ಕೆ ಹಾಕಬೇಡಿ. ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ, ಅವಕ್ಕೆ ಅಗ್ಗದ ಉಪಾಯಗಳಿವೆ.

ಮೊದಲು ಅಂಟಿನ ವಿಷಯ. ಬೇಗನೆ ಒಣಗಿಸಿದ ಸಕ್ಕರೆಗಳು ಹರಳಾಗದೆ ಗಾಜಿನಂಥ ಸ್ಥಿತಿಯಲ್ಲಿ ನಿಲ್ಲುತ್ತವೆ. ಪ್ರತಿಯೊಂದು ಸಕ್ಕರೆಗೂ ಒಂದು ಉಷ್ಣತೆಯಿದೆ. ಅದನ್ನು ಮೀರಿದೊಡನೆ ಆ ಗಾಜು ಮೆತ್ತಗಾಗಿ ಅಂಟಲು ತೊಡಗುತ್ತದೆ. ನೀರಿನಂಶವಿಲ್ಲದ ಸ್ಥಿತಿಯಲ್ಲಿ ಇದು ಸುಕ್ರೋಸ್‌ಗೆ, ಅಂದರೆ ನಾವು ಬಳಸುವ ಸಕ್ಕರೆಗೆ, ಸುಮಾರು 62 ಡಿಗ್ರಿ. ಗ್ಲುಕೋಸ್‌ಗೆ 31 ಡಿಗ್ರಿ. ಫ್ರಕ್ಟೋಸ್‌ಗೆ ಬರಿಯ 5 ಡಿಗ್ರಿ. ತೇವ ಸೇರಿದರೆ ಇನ್ನೂ ಕೆಳಗಿಳಿಯುತ್ತದೆ. ಮುರುಗಲಿನ ಹುಳಿ ಬಹಳ ತೀಕ್ಷ್ಣವಾದದ್ದು. ಆ ಹುಳಿಯಲ್ಲಿ ಸಕ್ಕರೆಯನ್ನು ಕರಗಿಸಿ ಬಿಸಿ ಮಾಡಿದಾಗ ಸುಕ್ರೋಸ್ ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅಂದರೆ ನೀವು ಒಣಗಿಸಲು ಹೊರಟಿರುವುದು ಕರಾವಳಿಯ ಸಾಮಾನ್ಯ ಬಿಸಿಲಲ್ಲೇ ಮೆತ್ತಗಾಗುವ ಮಿಶ್ರಣವನ್ನು. ಸಾಲದೆಂಬಂತೆ ಮುರುಗಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಒಣಗಿಸುವ ಮೊದಲು ಸಕ್ಕರೆ ಹಾಕಲೇಬಾರದು. ಸಕ್ಕರೆಯಿಲ್ಲದ ರಸಕ್ಕೆ ಮಾಲ್ಟೊಡೆಕ್ಸ್‌ಟ್ರಿನ್ ಸೇರಿಸಿ ಸ್ಪ್ರೇ ಡ್ರೈ ಮಾಡಿಸಿ. ಅದರ ಅಣುಗಳು ದೊಡ್ಡವಾದ್ದರಿಂದ ಮಿಶ್ರಣ ಮೆತ್ತಗಾಗುವ ಉಷ್ಣತೆ ಮೇಲೇರುತ್ತದೆ. ಪುಡಿಯಾದ ಮೇಲೆ, ಒಣಗಿದ ಬೀಸಿದ ಸಕ್ಕರೆಯನ್ನು ಬೇಕಾದಷ್ಟು ಬೆರೆಸಿಕೊಳ್ಳಿ.

ಇನ್ನು ಬಣ್ಣ. ಮುರುಗಲಿನ ಕೆಂಪು ಬಣ್ಣವಸ್ತುಗಳಾದ ಆಂಥೊಸಯನಿನ್‌ಗಳದು. ಇವು ಹುಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ಆ ಮಟ್ಟಿಗೆ ನಿಮ್ಮ ಹಣ್ಣೇ ನಿಮ್ಮ ಪರ. ಇವುಗಳ ಶತ್ರುಗಳು ಶಾಖ, ಬೆಳಕು, ಆಮ್ಲಜನಕ ಮತ್ತು ತೇವ. ಕೆಲವರು ಬಣ್ಣ ಉಳಿಯಲೆಂದು ನಿಂಬೆರಸವನ್ನೋ ವಿಟಮಿನ್ ‘ಸಿ’ಯನ್ನೋ ಸೇರಿಸುತ್ತಾರೆ, ಆಂಥೊಸಯನಿನ್ ಇರುವ ರಸದಲ್ಲಿ ವಿಟಮಿನ್ ‘ಸಿ’ ಬಣ್ಣದ ನಾಶವನ್ನು ಹೆಚ್ಚಿಸುತ್ತದೆ, ಆದ್ದರಿಂದ ಅದು ಬೇಡ. ರಸವನ್ನು ತಾಸುಗಟ್ಟಲೆ ಕುದಿಸಬೇಡಿ. ಪುಡಿಯ ತೇವಾಂಶ ಶೇ. 5ನ್ನು ಮೀರದಂತೆ ನೋಡಿಕೊಂಡು, ಒಣಗಿಸಿದ ದಿನವೇ ಅಲ್ಯೂಮಿನಿಯಂ ಪದರವಿರುವ ಪೊಟ್ಟಣದಲ್ಲಿ ಗಾಳಿಯಾಡದಂತೆ ಮುಚ್ಚಿಸಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಚೆಂದ ಕಾಣುತ್ತದೆ ನಿಜ, ಆದರೆ ಮಳೆಗಾಲದ ಒಂದು ತಿಂಗಳಿನಲ್ಲಿ ನಿಮ್ಮ ಶ್ರಮವೆಲ್ಲ ಅದರಲ್ಲಿ ಕರಗಿಹೋಗಬಹುದು.

ಆಂಥೊಸಯನಿನ್ ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು. ಕರಗುವುದನ್ನು ಕರಗಿಸಲು ನ್ಯಾನೊ ಏಕೆ? ನಿಮಗೆ ಬೇಕಾಗಿರುವುದು ರಕ್ಷಣೆ, ಅದನ್ನು ಮೈಕ್ರಾನ್ ಗಾತ್ರದ ಸಾಮಾನ್ಯ ಹೊದಿಕೆ ಒದಗಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಮುರುಗಲಿನ ಆಂಥೊಸಯನಿನ್ ಅನ್ನು ಮಾಲ್ಟೊಡೆಕ್ಸ್‌ಟ್ರಿನ್, ಗಮ್ ಅರೇಬಿಕ್ ಮುಂತಾದವುಗಳೊಂದಿಗೆ ಸ್ಪ್ರೇ ಡ್ರೈ ಮಾಡಿದ ಕೆಲಸ 2010ರಲ್ಲೇ ಪ್ರಕಟವಾಗಿದೆ. ಮುರುಗಲಿನ ಬಳಗದ ಇನ್ನೊಂದು ಹಣ್ಣಿನ ಸಾರವನ್ನು ಹಾಲಿನ ವೇ ಪ್ರೋಟೀನ್ ಮತ್ತು ಮಾಲ್ಟೊಡೆಕ್ಸ್‌ಟ್ರಿನ್‌ಗಳಿಂದ ಹೊದಿಸಿ, ಬ್ರೆಡ್ಡಿಗೆ ಸೇರಿಸಿ ನೋಡಿದ ಪ್ರಯೋಗಗಳೂ ಅಲ್ಲಿ ನಡೆದಿವೆ. ಯಂತ್ರ ಕೊಳ್ಳುವ ಮೊದಲು ಆ ಸಂಸ್ಥೆಗೆ ಬರೆದು ವಿಚಾರಿಸಿ. ಸ್ಪ್ರೇ ಡ್ರೈಯರ್ ಒಂದು ತೋಟದ ಹಂಗಾಮಿಗಾಗಿ ಕೊಳ್ಳುವ ಯಂತ್ರವಲ್ಲ; ಹತ್ತಾರು ಬೆಳೆಗಾರರು ಸೇರಿ ಬಾಡಿಗೆಗೆ ಒಣಗಿಸಿಕೊಡುವ ಘಟಕವನ್ನು ಹುಡುಕುವುದೇ ಜಾಣತನ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಇಂಥ ಪುಡಿಗಳ ಹೊದಿಕೆಯನ್ನು ಯಾವುದರಿಂದ ಮಾಡಿರುತ್ತಾರೆ? — ಓದುಗರು, ಶ್ರವಣಬೆಳಗೊಳ

ಉತ್ತರ: ಮಾಲ್ಟೊಡೆಕ್ಸ್‌ಟ್ರಿನ್ ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟದಿಂದ, ಗಮ್ ಅರೇಬಿಕ್ ಜಾಲಿಯ ಬಳಗದ ಮರಗಳಿಂದ, ಝೀನ್ ಎಂಬ ಪ್ರೋಟೀನ್ ಮೆಕ್ಕೆಜೋಳದಿಂದ, ಆಲ್ಜಿನೇಟ್ ಕಡಲ ಪಾಚಿಯಿಂದ, ಲೆಸಿಥಿನ್ ಸಾಮಾನ್ಯವಾಗಿ ಸೋಯಾದಿಂದ ಬರುತ್ತವೆ. ಕೇಸಿನ್ ಮತ್ತು ವೇ ಪ್ರೋಟೀನ್ ಹಾಲಿನವು. ಹಾಲು ಒಗ್ಗದವರು ಇವನ್ನು ಗಮನಿಸಬೇಕು. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳದು. ಕೈಟೊಸಾನ್ ಬಹುತೇಕ ಸೀಗಡಿ, ಏಡಿಗಳ ಚಿಪ್ಪಿನದು, ಅಣಬೆಯಿಂದ ತಯಾರಿಸಿದ್ದೂ ಇದೆ. ಲೆಸಿಥಿನ್ ಮೊಟ್ಟೆಯಿಂದಲೂ ಬರಬಹುದು. ಪೊಟ್ಟಣದ ಮೇಲಿನ ಹಸಿರು ಗುರುತನ್ನೂ ಪದಾರ್ಥಗಳ ಪಟ್ಟಿಯನ್ನೂ ಒಟ್ಟಿಗೆ ನೋಡಿ. ಪುಡಿಯನ್ನು ಗುಳಿಗೆಯ ಕೋಶದಲ್ಲಿ ತುಂಬಿದ್ದರೆ ಆ ಕೋಶ ಯಾವುದರದೆಂದೂ ಕೇಳಿ.

ಪ್ರಶ್ನೆ: ನನಗೆ ವಯಸ್ಸು ಎಪ್ಪತ್ತು ದಾಟಿದೆ, ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಿರುವ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಮಗಳು ವಿದೇಶದಿಂದ ಅರಿಶಿನ ಮತ್ತು ಹಸಿರು ಚಹಾದ ನ್ಯಾನೊ ಪುಡಿಗಳನ್ನು ಕಳಿಸಿದ್ದಾಳೆ. ಸಸ್ಯಮೂಲದ್ದಾದ್ದರಿಂದ ಅಪಾಯವಿಲ್ಲ ಎಂದು ಭಾವಿಸಬಹುದೆ? — ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಹಾಗೆ ಭಾವಿಸಬೇಡಿ ಗುರುಗಳೆ. ನಿಮ್ಮ ವೈದ್ಯರಿಗೆ ಪೊಟ್ಟಣವನ್ನೇ ತೋರಿಸಿ, ಅವರು ಒಪ್ಪುವ ತನಕ ಎರಡನ್ನೂ ಮುಟ್ಟದಿರುವುದು ಒಳಿತು. ಕರ್ಕ್ಯುಮಿನ್ ಹೆಚ್ಚಿನ ಪ್ರಮಾಣದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಇನ್ನಷ್ಟು ತಗ್ಗಿಸಬಹುದು. ಜೊತೆಗೆ ಪೈಪರೀನ್ ಸೇರಿಸಿದ್ದರೆ ಇನ್ನೊಂದು ಸಮಸ್ಯೆ: ಕರ್ಕ್ಯುಮಿನ್ ಅನ್ನು ಹೊರಹಾಕದಂತೆ ತಡೆಯುವ ಅದೇ ಪೈಪರೀನ್, ಪ್ರೊಪ್ರನಲಾಲ್, ಫಿನಿಟಾಯಿನ್, ಥಿಯೊಫಿಲಿನ್‌ಗಳಂಥ ಔಷಧಗಳ ರಕ್ತದ ಮಟ್ಟವನ್ನೂ ಏರಿಸುತ್ತದೆ.

ಅಡುಗೆಯ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಶತಮಾನಗಳಿಂದ ನಾವು ಉಣ್ಣುತ್ತ ಬಂದಿರುವುದು ಬಹಳ ಕಡಿಮೆ ಹೀರಿಕೆಯಾಗುವ ಅರಿಶಿನವನ್ನು, ಆ ಅನುಭವವನ್ನು ಹಲವು ಪಟ್ಟು ಹೀರಿಕೆಯಾಗುವ ಹೊಸ ತಯಾರಿಕೆಗೆ ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ. ಹೀರಿಕೆ ಹೆಚ್ಚಿದಾಗ ಪ್ರಮಾಣ ಇಳಿಯಬೇಕು; ಮಾರುಕಟ್ಟೆಯಲ್ಲಿ ಹೀರಿಕೆಯೂ ಪ್ರಮಾಣವೂ ಜೊತೆಯಾಗಿ ಏರುತ್ತಿರುವುದು ನನಗೆ ನಿಜಕ್ಕೂ ಆತಂಕದ ಸಂಗತಿ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ವರದಿಯಾದವು. 2023ರಲ್ಲಿ ಆಸ್ಟ್ರೇಲಿಯದ ಔಷಧ ನಿಯಂತ್ರಣ ಸಂಸ್ಥೆಯೂ ಇಂಥದೇ ಎಚ್ಚರಿಕೆ ಕೊಟ್ಟಿತು. ಅಮೆರಿಕದ ಯಕೃತ್ ತಜ್ಞರ ಜಾಲವೊಂದು ಪರಿಶೀಲಿಸಿದ ಅರಿಶಿನ ಸಂಬಂಧಿ 10 ಪ್ರಕರಣಗಳಲ್ಲಿ 7 ಮಂದಿಗೆ ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ಲಕ್ಷಣವಿತ್ತು. ಹೀಗಾಗುವುದು ಅಪರೂಪ, ಆದರೆ ಯಾರಿಗೆ ಆಗಬಹುದೆಂದು ಮೊದಲೇ ಊಹಿಸುವುದು ಕಷ್ಟ. ಹಸಿರು ಚಹಾದ ಇಜಿಸಿಜಿ ಎಂಬ ಸತ್ವವನ್ನು ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಗುರುತಿಸಿತು. ಕರ್ಕ್ಯುಮಿನ್‌ನ ಅಂತರರಾಷ್ಟ್ರೀಯ ದೈನಂದಿನ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಈ ಮಿತಿಯನ್ನು ಲೆಕ್ಕ ಹಾಕಿರುವುದು ಸಾಮಾನ್ಯ ಕರ್ಕ್ಯುಮಿನ್‌ಗೆ.

ಉತ್ಕರ್ಷಣರೋಧಕ ಎಂದ ಮಾತ್ರಕ್ಕೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಹಿಂದೊಮ್ಮೆ ದೊಡ್ಡ ಪ್ರಮಾಣದಲ್ಲೇ ಪರೀಕ್ಷಿಸಲಾಗಿದೆ. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಗಜ್ಜರಿಯ ಸತ್ವವಾದ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು, ಕಡಿಮೆಯಾಗಿರಲಿಲ್ಲ. ಅಮೆರಿಕದ ಅಂಥದೇ ಅಧ್ಯಯನವನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಗಜ್ಜರಿ ತಿನ್ನುವುದನ್ನು ಯಾರೂ ಬಿಡಬೇಕಿಲ್ಲ, ಆದರೆ ಸತ್ವವನ್ನು ಬೇರ್ಪಡಿಸಿ ಸಾಂದ್ರಗೊಳಿಸಿದಾಗ ಅದನ್ನು ಹೊಸ ವಸ್ತುವೆಂದೇ ತೂಗಿ ನೋಡಬೇಕು.

ಇಂಥ ಪುಡಿಗಳ ಬಗ್ಗೆ ಇರುವ ನಿಯಮಗಳನ್ನೂ ಹೇಳಿಬಿಡುತ್ತೇನೆ. ಯುರೋಪಿನಲ್ಲಿ 2011ರ ನಿಯಮದಂತೆ, ಉದ್ದೇಶಪೂರ್ವಕವಾಗಿ ತಯಾರಿಸಿದ ನ್ಯಾನೊ ಪದಾರ್ಥದ ಹೆಸರಿನ ಬಳಿಕ ಆವರಣದಲ್ಲಿ ‘ನ್ಯಾನೊ’ ಎಂದು ನಮೂದಿಸಬೇಕು. ಅಲ್ಲಿ ಆ ಪದಕ್ಕೆ ಮಿತಿ ಸುಮಾರು 100 ನ್ಯಾನೊಮೀಟರ್ ಅಥವಾ ಅದಕ್ಕಿಂತ ಕಡಿಮೆ. ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರತಂದಿದೆ. ಹೊಸ ಬಗೆಯ ಆಹಾರ ಪದಾರ್ಥಗಳಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಪೂರ್ವಾನುಮತಿ ಬೇಕೆಂಬ ನಿಯಮ 2017ರದು.

ಪ್ರಶ್ನೆ: ನಮ್ಮದು ಬೇಕರಿ. ಹೊದಿಕೆಯಿರುವ ಹಸಿರು ಚಹಾ ಪುಡಿ ಮತ್ತು ನೇರಳೆ ಪುಡಿಯನ್ನು ಬಿಸ್ಕತ್ತಿಗೆ ಸೇರಿಸಿ, ‘ಆ್ಯಂಟಿಆಕ್ಸಿಡೆಂಟ್ ಸಮೃದ್ಧ’ ಎಂದು ಮಾರಬಹುದೆ? ಪೂರೈಕೆದಾರರು ಬಹಳ ದೊಡ್ಡ ಅಂಕಿಗಳನ್ನು ತೋರಿಸುತ್ತಾರೆ. — ಬೇಕರಿ ಮಾಲೀಕರು, ಹುಬ್ಬಳ್ಳಿ

ಉತ್ತರ: ಆ ಅಂಕಿಗಳು ಪ್ರಯೋಗನಳಿಕೆಯಲ್ಲಿ ಅಳೆದವು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಇಂಥ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಅವುಗಳಿಗೂ ಮನುಷ್ಯನ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂಬ ಕಾರಣ ಕೊಟ್ಟು 2012ರಲ್ಲಿ ಅದನ್ನು ತೆಗೆದುಹಾಕಿತು. ನಮ್ಮಲ್ಲೂ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಿವೆ. ಆಧಾರವಿಲ್ಲದ ಆರೋಗ್ಯದ ಹೇಳಿಕೆಯನ್ನು ಅಚ್ಚು ಹಾಕಿಸಿದರೆ ಹೊಣೆ ಪೂರೈಕೆದಾರರದಲ್ಲ, ನಿಮ್ಮದು.

ಬಿಸ್ಕತ್ತಿನ ತೊಡಕು ಒಲೆಯ ಶಾಖವೊಂದೇ ಅಲ್ಲ. ಅಡುಗೆ ಸೋಡ ಹಾಕಿದ ಕಣಕ ಕ್ಷಾರೀಯವಾಗಿರುತ್ತದೆ. ಅದರಲ್ಲಿ ನೇರಳೆಯ ಆಂಥೊಸಯನಿನ್ ನೀಲಿ, ಹಸಿರು, ಬೂದು ಬಣ್ಣಗಳಿಗೆ ತಿರುಗಿ ಕೆಡುತ್ತದೆ, ಚಹಾದ ಸತ್ವಗಳಾದ ಕ್ಯಾಟಚಿನ್‌ಗಳೂ ಕಂದಾಗುತ್ತವೆ. ಮಾಲ್ಟೊಡೆಕ್ಸ್‌ಟ್ರಿನ್ ಹೊದಿಕೆ ಕಣಕದ ನೀರಿನಲ್ಲೇ ಕರಗಿಹೋಗುವುದರಿಂದ ಒಲೆ ಸೇರುವ ಹೊತ್ತಿಗೆ ರಕ್ಷಣೆ ಬಹುಮಟ್ಟಿಗೆ ಮುಗಿದಿರುತ್ತದೆ. ಯೀಸ್ಟಿನಿಂದ ಹುದುಗಿಸಿದ ಬ್ರೆಡ್ಡು ಸ್ವಲ್ಪ ಹುಳಿಯಾದ್ದರಿಂದ ಈ ಸತ್ವಗಳಿಗೆ ಮೇಲು. ಬಿಸ್ಕತ್ತೇ ಆಗಬೇಕೆಂದರೆ ಅದು ಬೆಂದು ಆರಿದ ಮೇಲೆ ಹಚ್ಚುವ ನೀರಿಲ್ಲದ ಕ್ರೀಮಿನಲ್ಲಿ ಪುಡಿಯನ್ನು ಬೆರೆಸಿ ನೋಡಿ; ಅಲ್ಲಿ ಹೊದಿಕೆ ಕರಗುವುದಿಲ್ಲ, ಚಹಾದ ಕಹಿಯೂ ಅಷ್ಟಾಗಿ ನಾಲಿಗೆಗೆ ತಾಗುವುದಿಲ್ಲ.

ಪೂರೈಕೆದಾರರಿಂದ ಲಿಖಿತವಾಗಿ ಕೇಳಬೇಕಾದದ್ದು ಇಷ್ಟು: ನೂರು ಗ್ರಾಂ ಪುಡಿಯಲ್ಲಿ ಸತ್ವ ಎಷ್ಟು ಗ್ರಾಂ, ಹೊದಿಕೆಯ ದಕ್ಷತೆ ಎಷ್ಟು, ಯಾವ ಉಷ್ಣತೆಯಲ್ಲಿ ಎಷ್ಟು ತಿಂಗಳು ಇಟ್ಟಾಗ ಎಷ್ಟು ಉಳಿದಿದೆ, ನ್ಯಾನೊ ಎಂದಿದ್ದರೆ ನೀರಿನಲ್ಲಿ ಕದಡಿದ ಮೇಲೆ ಗಾತ್ರವೇನು. ಅನಂತರ ನಿಮ್ಮದೇ ಬಿಸ್ಕತ್ತನ್ನು, ನೀವು ಮಾರುವ ಪೊಟ್ಟಣದಲ್ಲೇ, ನೀವು ಮುದ್ರಿಸುವ ಕೊನೆಯ ದಿನಾಂಕದವರೆಗೆ ಇಟ್ಟು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸತ್ವವನ್ನು ಅಳೆಸಿ. ಆ ದಿನ ಉಳಿದಿರುವ ಮಿಲಿಗ್ರಾಂ ಎಷ್ಟೋ ಅಷ್ಟನ್ನು ಮಾತ್ರ ಪೊಟ್ಟಣದ ಮೇಲೆ ಬರೆಯಿರಿ.